ಕಷ್ಟದ ಕಪಾಟಿನ ಬಿಳಿ ದಾರ

ಮೈದಾ ಹಿಟ್ಟಿಗೆ ನೀರು ಬೆರೆಸಿ, ಹುಳ ಹಿಡಿಯದಿರಲಿ ಅಂತ ಚಿಟಿಕೆ ಮೈಲುತುತ್ತ ಹಾಕಿ, ಸಣ್ಣ ಉರಿಯಲ್ಲಿ ಕಲಕುತ್ತಾ ಕುದಿಸಿದರೆ ಒಂದು ವಾಸನೆ ಬರುತ್ತದೆ. ಅದನ್ನು ಸುವಾಸನೆ ಅಂತ ಯಾರೂ ಅನ್ನಲಾರರು. ಹಳಸಿದ ಗಂಜಿಯನ್ನು ತಾಮ್ರದ ಚೊಂಬಿನಲ್ಲಿಟ್ಟು ಮರೆತ ಹಾಗಿರುತ್ತದೆ. ಹೋದ ತಿಂಗಳು, ಚೀಲದಲ್ಲಿ ಒಂದೇ ಒಂದು ಹಳೇ ಪುಸ್ತಕ ಇಟ್ಟುಕೊಂಡು ಅವೆನ್ಯೂ ರಸ್ತೆಯ ಒಂದು ಬೈಂಡಿಂಗ್ ಅಂಗಡಿಯ ಕಿರಿದಾದ ಮೆಟ್ಟಿಲು ಹತ್ತುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ನಿಂತುಬಿಟ್ಟೆ. ಹಿಂದೆ ಕಾಗದದ ಹೊರೆ ಹೊತ್ತು ಬರುತ್ತಿದ್ದವರು ಸ್ವಲ್ಪ ಜಾಗ ಬಿಡಿ ಅಂದಾಗ ಗೋಡೆಗೆ ಒತ್ತಿಕೊಂಡೆನೇ ಹೊರತು ಮೇಲೆ ಹತ್ತಲಾಗಲಿಲ್ಲ. ನನ್ನ ಕಣ್ಣೆದುರು ಇದ್ದದ್ದು ಚಾಮರಾಜಪೇಟೆಯ ಮನೆಯ ಅಡುಗೆಕೋಣೆ, ಸೀಮೆಎಣ್ಣೆ ಸ್ಟೌ, ಅದರ ಮೇಲೆ ಪುಸ್ತಕ ಅಂಟಿಸುವ ಗೋಂದಿಗೆಂದೇ ಮೀಸಲಾದ ಸೊಟ್ಟ ಅಲ್ಯೂಮಿನಿಯಂ ಪಾತ್ರೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅದನ್ನು ಕಲಕುತ್ತಾ ನಿಂತ ನನ್ನ ದೊಡ್ಡಮ್ಮ. ಆ ಪಾತ್ರೆಯಲ್ಲಿ ಅಪ್ಪಿತಪ್ಪಿ ಯಾರಾದರೂ ಹಾಲು ಕಾಯಿಸಿದರೆ ಮನೆ ರಣರಂಗ.

ಪುಸ್ತಕವನ್ನು ಟ್ರಂಕಿನಿಂದ ಯಾಕೆ ತೆಗೆದೆ ಅಂತ ಮೊದಲು ಹೇಳಿಬಿಡುತ್ತೇನೆ. ಬಸವನಗುಡಿಯ ಒಂದು ಸಣ್ಣ ವಾಚನಾಲಯದವರು ಫೋನು ಮಾಡಿದ್ದರು. ಹಿಂದಿನ ಕಾಲದವರು ಕಷ್ಟವನ್ನು ಹೇಗೆ ಸಹಿಸಿಕೊಂಡರು ಅನ್ನುವುದನ್ನು ತಿಳಿಸುವ ಹತ್ತು ಪುಸ್ತಕ ಸೂಚಿಸಬೇಕಂತೆ. ಈಗಿನವರಿಗೆ ತಾಳ್ಮೆಯೇ ಇಲ್ಲ ನೋಡಿ, ಅದಕ್ಕೆ, ಅಂದರು. ನನಗೆ ಮೈಯೆಲ್ಲ ಉರಿಯಿತು. ಸಹನೆ, ತಾಳ್ಮೆ ಅನ್ನುವ ಮಾತು ಕೇಳಿದರೆ ಈ ವಯಸ್ಸಿನಲ್ಲೂ ನನಗೆ ಹಾಗೇ. ಹಿಂದಿನವರು ಸಹಿಸಿದರು ಅಂತ ನಿಮಗೆ ಯಾರು ಹೇಳಿದ್ದು? ಅವರು ಬದುಕಿದರು, ಅದು ಬೇರೆ ವಿಷಯ. ಹತ್ತು ಗೊತ್ತಿಲ್ಲ, ಒಂದು ಇದೆ, ಬೈಂಡು ಮಾಡಿಸಿ ತಂದುಕೊಡುತ್ತೇನೆ ಅಂತ ಹೇಳಿ ಫೋನಿಟ್ಟೆ.

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ, ವಯಸ್ಸಿನಲ್ಲಿ ತಾಯಿಯಷ್ಟು ದೊಡ್ಡವಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ರಿಟೈರಾದವಳು, ಮಕ್ಕಳಿರಲಿಲ್ಲ, ದೊಡ್ಡಪ್ಪ ನಾನು ಹುಟ್ಟುವ ಮೊದಲೇ ಹೋಗಿದ್ದ. ಅವನು ಕೂಡಿಟ್ಟಿದ್ದ ಪುಸ್ತಕಗಳಿಂದ, ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯಲ್ಲಿ ಅವಳು ಸರ್ಕ್ಯುಲೇಟಿಂಗ್ ಲೈಬ್ರರಿ ಇಟ್ಟಿದ್ದಳು. ಅದಕ್ಕೊಂದು ಹೆಸರೂ ಬೋರ್ಡೂ ಇದ್ದವು, ಆದರೆ ಜನಕ್ಕೆ ಅದು 'ಟೀಚರಮ್ಮನ ಮನೆ' ಅಷ್ಟೇ. ನೀವೂ ಆ ಕಾಲದಲ್ಲಿ ಅಂಥ ಲೈಬ್ರರಿಗೆ ಹೋಗುತ್ತಿದ್ದವರಾದರೆ ನಿಮಗೆ ಗೊತ್ತಿರುತ್ತದೆ: ಬ್ರೌನ್ ಪೇಪರಿನ ಹೊದಿಕೆ, ಅದರ ಬೆನ್ನಿನ ಮೇಲೆ ಶಾಯಿಯಲ್ಲಿ ಬರೆದ ನಂಬರು, ಕಿಟಕಿಯಿಂದ ಬರುವ ಬಿಸಿಲಿನಲ್ಲಿ ತೇಲುವ ಧೂಳು, ಪಕ್ಕದ ಮನೆಯ ಒಗ್ಗರಣೆಯ ಘಾಟು, ಬೆಂಚಿನ ಮೇಲೆ ಕೂತು ಪುಸ್ತಕ ಆರಿಸುವ ನೆಪದಲ್ಲಿ ಮನೆಯ ದುಃಖ ಹೇಳಿಕೊಳ್ಳುವ ಹೆಂಗಸರು. ಕಪಾಟುಗಳು ಮೂರು. ಮೊದಲನೆಯದರಲ್ಲಿ ಪತ್ತೇದಾರಿ, ಎರಡನೆಯದರಲ್ಲಿ ಪ್ರೇಮ. ದೊಡ್ಡಮ್ಮನ ಕುರ್ಚಿಯ ಹಿಂದಿದ್ದ ಮೂರನೆಯದು ಕಷ್ಟದ ಕಪಾಟು. ಪ್ಲೇಗಿನ ಕಾಲ, ಬರದ ಕಾಲ, ರೇಷನ್ನಿನ ಕಾಲ, ಹನ್ನೆರಡಕ್ಕೆ ತಲೆ ಬೋಳಿಸಿಕೊಂಡು ಎಪ್ಪತ್ತರವರೆಗೆ ಒಲೆಯ ಮುಂದೆ ಕೂತವರು, ಎಲ್ಲರೂ ಅದರೊಳಗಿದ್ದರು. ಆ ಕಪಾಟಿಗೆ ಯಾರೂ ಕೈ ಹಾಕುವಂತಿರಲಿಲ್ಲ. ಅದರಿಂದ ಪುಸ್ತಕ ಕೊಡುವವಳು ದೊಡ್ಡಮ್ಮ ಮಾತ್ರ.

ಕೊಡುವ ರೀತಿಯೂ ಬೇರೆ. ಬೆಂಚಿನ ಮೇಲೆ ಕೂತವರು ಗೋಳು ಹೇಳಿ ಮುಗಿಸುವವರೆಗೂ ಅವಳು ತುಟಿ ಬಿಚ್ಚುತ್ತಿರಲಿಲ್ಲ. ಆಮೇಲೆ ತಿರುಗಿ, ಬೆರಳಲ್ಲಿ ಬೆನ್ನುಗಳನ್ನು ಸವರಿ, ಒಂದನ್ನು ಎಳೆದು ಮೇಜಿನ ಮೇಲೆ ಇಡುತ್ತಿದ್ದಳು. 'ಓದ್ಕೊಂಡು ಬನ್ನಿ' ಅಷ್ಟೇ. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತದೆ ಅಂತ ವಾರಕ್ಕೆರಡು ಸಲ ಬಂದು ಕೂಗಾಡುತ್ತಿದ್ದ ಮೂರ್ತಿಗಳು ಅನ್ನುವ ರಿಟೈರ್ಡ್ ಗುಮಾಸ್ತರಿಗೆ, ಎರಡು ಮೈಲಿ ನಡೆದು ಒಂದು ಕೊಡ ಕೆಸರು ನೀರು ತರುವ ಊರಿನ ಕಾದಂಬರಿ ಸಿಕ್ಕಿತು. ಅವರು ಅದನ್ನು ವಾಪಸ್ಸು ತಂದು, ಓದಿದೆ ಕಣಮ್ಮ, ಆದ್ರೆ ಇವತ್ತೂ ನೀರು ಬಂದಿಲ್ಲ, ಅಂದರು. ದೊಡ್ಡಮ್ಮ ನಗಲಿಲ್ಲ, ಇನ್ನೊಂದು ಕೊಟ್ಟಳು. ನಿಮ್ಮ ಕಷ್ಟ ಸಣ್ಣದು ಅಂತ ತೋರಿಸುವುದಕ್ಕೆ ಅವಳು ಅವನ್ನು ಕೊಡುತ್ತಿದ್ದಳು ಅಂತ ಎಷ್ಟೋ ಜನ ತಿಳಿದಿದ್ದರು. ಅದು ತಪ್ಪು. ನೀವು ಒಬ್ಬರೇ ಅಲ್ಲ ಅಂತ ಹೇಳುವುದಕ್ಕೆ ಅವಳಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಆ ಕಪಾಟಿನ ಕೆಲವು ಪುಸ್ತಕಗಳಿಗೆ ಇನ್ನೊಂದು ವಿಶೇಷವಿತ್ತು. ಅವುಗಳ ಕೊನೆಯ ಹತ್ತು ಹನ್ನೆರಡು ಪುಟಗಳನ್ನು ದೊಡ್ಡಮ್ಮ ಹೊಲಿದುಬಿಟ್ಟಿದ್ದಳು. ಬೈಂಡಿಂಗಿನ ದಬ್ಬಣಕ್ಕೆ ಮೇಣ ಸವರಿದ ಬಿಳಿ ದಾರ ಪೋಣಿಸಿ, ಪುಟಗಳ ಅಂಚಿನಲ್ಲಿ ಐದು ತೂತು ಮಾಡಿ, ಮೇಲೊಂದು ಕೆಳಗೊಂದು ಗಂಟು. ಹಳೇ ಕಾಲದ ಆ ಕಾದಂಬರಿಕಾರರಿಗೆ ಒಂದು ಚಾಳಿ. ಇನ್ನೂರು ಪುಟದುದ್ದಕ್ಕೂ ಎಲ್ಲವನ್ನೂ ಎದುರಿಸಿ ನಿಂತ ಹೆಂಗಸನ್ನು ಕೊನೆಯಲ್ಲಿ ತಂದು ಬಾವಿಗೆ ತಳ್ಳುವುದು. ದೊಡ್ಡಮ್ಮ ಅದಕ್ಕೆ ಒಪ್ಪುತ್ತಿರಲಿಲ್ಲ. ಕಥೆ ಎಲ್ಲಿಗೆ ನಿಂತರೆ ಆ ಹೆಂಗಸು ಜೀವಂತವಾಗಿರುತ್ತಾಳೋ ಅಲ್ಲಿಗೆ ಹೊಲಿಗೆ. ಓದುವವರು ಕೇಳಿದರೆ, ಪುಟ ಸಡಿಲ ಆಗಿತ್ತು, ಕಥೆ ಅಲ್ಲಿಗೇ ಮುಗಿಯುತ್ತೆ, ಹಿಂದೆ ಬರೀ ಜಾಹೀರಾತು, ಅನ್ನುತ್ತಿದ್ದಳು. ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಜೀವಮಾನವಿಡೀ ಪಾಠ ಹೇಳಿದ ಟೀಚರಮ್ಮ!

ಅದಕ್ಕೆ ಕಾರಣವಿತ್ತು. ಅದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ, ಅಮ್ಮ ಹೇಳಿ. ಲೈಬ್ರರಿ ಶುರುವಾದ ಹೊಸತರಲ್ಲಿ ಅದೇ ಬೀದಿಯ ಜಯಂತಿ ಅನ್ನುವ ಹುಡುಗಿ, ಮದುವೆ ಮುರಿದು ತೌರಿಗೆ ಬಂದವಳು, ದಿನಾ ಬಂದು ಬೆಂಚಿನ ಮೇಲೆ ಕೂರುತ್ತಿದ್ದಳಂತೆ. ದೊಡ್ಡಮ್ಮ ಅವಳಿಗೂ ಕಷ್ಟದ ಕಪಾಟಿನಿಂದ ಒಂದು ಕೊಟ್ಟಳು. ಒಂದು ವಾರವಾದ ಮೇಲೆ ಆ ಪುಸ್ತಕವನ್ನು ವಾಪಸ್ಸು ತಂದುಕೊಟ್ಟವರು ಜಯಂತಿಯ ತಂದೆ. ಅವಳು ಇರಲಿಲ್ಲ, ತಾನಾಗಿಯೇ ಜೀವ ಕಳೆದುಕೊಂಡಿದ್ದಳು. ಪುಸ್ತಕದಿಂದ ಹಾಗಾಯಿತು ಅಂತ ಆ ಮನೆಯವರು ಒಂದು ಮಾತೂ ಆಡಲಿಲ್ಲ. ಬೀದಿಯವರೂ ಆಡಲಿಲ್ಲ. ಆಡಿಕೊಂಡವಳು ದೊಡ್ಡಮ್ಮ ಒಬ್ಬಳೇ, ತನ್ನೊಳಗೆ. ಆ ವಾರವೇ ಅವೆನ್ಯೂ ರಸ್ತೆಗೆ ಹೋಗಿ ದಬ್ಬಣ ತಂದಳಂತೆ.

ನಾವು ಆ ಮನೆಗೆ ಬಂದದ್ದು ತೊಂಬತ್ತನಾಲ್ಕರಲ್ಲಿ, ನನಗೆ ಹತ್ತು ವರ್ಷ. ಹಾಸನದಲ್ಲಿ ಅಪ್ಪ ಎದೆನೋವು ಅಂತ ಕೂತವನು ಏಳಲಿಲ್ಲ. ಅಮ್ಮನಿಗೆ ಆಗ ಮೂವತ್ತಮೂರು. ವೈಕುಂಠ ಸಮಾರಾಧನೆ ಮುಗಿಯುತ್ತಿದ್ದ ಹಾಗೇ ದೊಡ್ಡಮ್ಮ ನಮ್ಮಿಬ್ಬರನ್ನೂ ಕರೆತಂದು ಹಿಂದಿನ ಕೋಣೆಯಲ್ಲಿರಿಸಿದಳು. ಆ ಕೋಣೆಯ ಬಾಗಿಲು ತೆರೆದರೆ ಹಿತ್ತಲು, ಒಗೆಯುವ ಕಲ್ಲು, ಪಾರಿಜಾತದ ಗಿಡ, ಅದರ ಪಕ್ಕದಲ್ಲಿ ಹಳೇ ಬಾವಿ. ನಾವು ಬಂದ ಎರಡನೇ ದಿನವೇ ವೆಲ್ಡಿಂಗಿನವನು ಬಂದು ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಕೂರಿಸಿ ಹೋದ. ಪಾರಿವಾಳ ಬೀಳುತ್ತವೆ ಅಂದಳು ದೊಡ್ಡಮ್ಮ. ನಾನು ನಂಬಿದೆ. ಎಷ್ಟು ಪಾರಿವಾಳ ಬಿದ್ದಿವೆ ಅಂತ ಬಗ್ಗಿ ನೋಡಿಯೂ ಬಂದೆ.

ಅಮ್ಮ ಮಾತು ಬಿಟ್ಟಳು. ಅಳುತ್ತಿದ್ದರೆ ಎಷ್ಟೋ ಚೆನ್ನಾಗಿತ್ತು. ಊಟಕ್ಕೆ ಕರೆದರೆ ಬರುತ್ತಿದ್ದಳು, ಎರಡು ತುತ್ತು ತಿಂದು ಏಳುತ್ತಿದ್ದಳು. ನನ್ನ ಜಡೆ ಹೆಣೆಯುತ್ತಾ ಹೆಣೆಯುತ್ತಾ ನಡುವೆ ಕೈ ನಿಂತುಹೋಗುತ್ತಿತ್ತು, ಅರ್ಧ ಹೆಣೆದ ಜಡೆಯಲ್ಲೇ ನಾನು ಸ್ಕೂಲಿಗೆ ಓಡುತ್ತಿದ್ದೆ. ಸಮಾಧಾನ ಹೇಳುವುದಕ್ಕೆ ನೆಂಟರು ಬರುತ್ತಿದ್ದರು. ಹಿಂದಿನ ಕಾಲದ ಹೆಂಗಸರು ಎಷ್ಟು ಸಹಿಸಿಕೊಂಡಿದ್ದರು ಗೊತ್ತಾ ಅಂತ ಶುರುಮಾಡಿ, ಕಾಫಿ ಮುಗಿಸಿ, ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದರು. ಅವರ ಬಾಯಿಗೂ ಒಂದು ಜಾಲರಿ ಹಾಕಿಸಬೇಕಿತ್ತು. ದೊಡ್ಡಮ್ಮ ಮಾತ್ರ ಏನೂ ಹೇಳದೆ ದಿನ ಬೆಳಿಗ್ಗೆ ಒಂದು ಪುಸ್ತಕ ತಂದು ಅಮ್ಮನ ಚಾಪೆಯ ಪಕ್ಕ ಇಡುತ್ತಿದ್ದಳು, ಸಂಜೆ ತೆಗೆದುಕೊಂಡು ಹೋಗುತ್ತಿದ್ದಳು. ಅಮ್ಮ ಓದುತ್ತಿದ್ದಳೋ ಇಲ್ಲವೋ ಯಾರಿಗೂ ತಿಳಿಯುತ್ತಿರಲಿಲ್ಲ. ಪುಟ ತಿರುಗುವ ಸದ್ದು ಕೇಳುತ್ತದೇನೋ ಅಂತ ನಾನು ಬಾಗಿಲ ಹೊರಗೆ ಕೂತು ಕಾಯುತ್ತಿದ್ದೆ. ನನ್ನ ಅಮ್ಮ ನನಗೆ ವಾಪಸ್ಸು ಬೇಕಾಗಿತ್ತು. ಯಾವ ದೇವರ ಹತ್ತಿರವೂ ಬೇರೆ ಏನನ್ನೂ ನಾನು ಆ ವರ್ಷ ಕೇಳಲಿಲ್ಲ.

ಆದರೆ ಹತ್ತು ವರ್ಷದವಳ ಕೈ ಸುಮ್ಮನಿರುತ್ತದೆಯೇ? ಹೊಲಿದ ಪುಟದೊಳಗೆ ಏನಿದೆ ಅನ್ನುವುದು ನನ್ನನ್ನು ಕೊರೆಯುತ್ತಿತ್ತು. ಒಂದು ಶುಕ್ರವಾರ ಸಂಜೆ, ದೊಡ್ಡಮ್ಮ ತರಕಾರಿಗೆ ಹೋಗಿದ್ದಾಗ, ಪೆನ್ಸಿಲ್ ಹೆರೆಯುವ ಅರ್ಧ ಬ್ಲೇಡು ತೆಗೆದುಕೊಂಡು ಹೋಗಿ, ನಾವೆಲ್ಲ 'ಪ್ಲೇಗಿನ ಪುಸ್ತಕ' ಅನ್ನುತ್ತಿದ್ದ ಕಾದಂಬರಿಯ ದಾರ ಕತ್ತರಿಸಿದೆ. ಬೆಂಚಿನವರ ಬಾಯಲ್ಲಿ ಕೇಳಿ ಕೇಳಿ ಅದರ ಕಥೆ ನನಗೆ ಬಾಯಿಪಾಠವಾಗಿತ್ತು. ಪುಟ್ಟತಾಯಿ ಅನ್ನುವವಳು ಗಂಡ ಸತ್ತ ಮೇಲೆ ಮೂರು ಮಕ್ಕಳನ್ನು ಕಟ್ಟಿಕೊಂಡು ಊರಾಚೆ ಪ್ಲೇಗಿನ ಜೋಪಡಿಯಲ್ಲಿ, ಕಂಡವರ ಮನೆಯ ರಾಗಿ ಬೀಸಿ, ಬದುಕುತ್ತಾಳೆ. ಕೊನೆಗೆ ಮಕ್ಕಳ ಕೈ ಹಿಡಿದು ಊರಿಗೆ ಹೊರಡುತ್ತಾಳೆ. ಅಲ್ಲಿಗೆ ಹೊಲಿಗೆ. ನಾನು ಬಿಡಿಸಿದ ಪುಟಗಳಲ್ಲಿ ಅವಳು ಊರಿಗೆ ಬಂದಳು, ಜನ ಅವಳ ಬಗ್ಗೆ ಏನೇನೋ ಆಡಿಕೊಂಡರು, ಅವಳು ಬಾವಿಯ ಕಡೆ ನಡೆದಳು. ಪುಸ್ತಕ ಮುಚ್ಚಿ ಇದ್ದ ಜಾಗದಲ್ಲೇ ಇಟ್ಟು, ತುಂಡು ದಾರವನ್ನು ಲಂಗದ ಜೇಬಿಗೆ ಹಾಕಿಕೊಂಡು, ದೇವರ ಮನೆಯಲ್ಲಿ ಹೋಗಿ ಕೂತೆ. ದೊಡ್ಡಮ್ಮನಿಗೆ ಹೇಳಲಿಲ್ಲ. ಬೈಯುತ್ತಾಳೆ ಅನ್ನುವ ಹೆದರಿಕೆ.

ಮಾರನೇ ದಿನ ಶನಿವಾರ, ಬೆಳಗಿನ ಸ್ಕೂಲು. ಹನ್ನೊಂದೂವರೆಗೆ ಮನೆಗೆ ಬಂದಾಗ ಮುಂದಿನ ಕೋಣೆಯಲ್ಲಿ ಮೂರ್ತಿಗಳೂ ಇನ್ನಿಬ್ಬರು ಹೆಂಗಸರೂ ಇದ್ದರು. ದೊಡ್ಡಮ್ಮನ ಬೆನ್ನ ಹಿಂದಿನ ಕಪಾಟಿನಲ್ಲಿ ಪ್ಲೇಗಿನ ಪುಸ್ತಕದ ಜಾಗ ಖಾಲಿ. ಯಾರು ತೆಗೆದುಕೊಂಡು ಹೋದರು ಅಂತ ಕೇಳಿದೆ. ಬೆಳಿಗ್ಗೆ ನಿಮ್ಮಮ್ಮನ ಹತ್ರ ಇಟ್ಟೆ, ಅಂದಳು. ಬಾವಿ, ಜಾಲರಿ, ಪಾರಿವಾಳ, ಎಲ್ಲವೂ ಒಂದೇ ಸಲ ನನಗೆ ಅರ್ಥವಾದದ್ದು ಆ ನಿಮಿಷದಲ್ಲಿ.

'ದೊಡ್ಡಮ್ಮ, ಅದರ ದಾರ ನಾನು ಕತ್ತರಿಸಿಬಿಟ್ಟಿದೀನಿ' ಅಂದೆ.

ದೊಡ್ಡಮ್ಮ ಓಡಿದ್ದನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಮಂಡಿನೋವಿನ ಹೆಂಗಸು, ಕುರ್ಚಿ ಬೀಳಿಸಿ, ನಡುಮನೆ ದಾಟಿ, ಹಿಂದಿನ ಕೋಣೆಗೆ ಓಡಿದಳು. ನಾನು ಅವಳ ಸೆರಗು ಹಿಡಿದು ಹಿಂದೆಯೇ ಓಡಿದೆ. ಕೋಣೆ ಖಾಲಿ. ಚಾಪೆ ಮಡಿಸಿ ಗೋಡೆಗೆ ಒರಗಿಸಿತ್ತು. ಹಿತ್ತಲ ಬಾಗಿಲು ತೆರೆದಿತ್ತು. ಅಮ್ಮ ಬಾವಿಯ ಹತ್ತಿರ, ನಮಗೆ ಬೆನ್ನು ಹಾಕಿ, ಜಾಲರಿಯ ಮೇಲೆ ಎಡಗೈ ಊರಿ, ಒಳಗೆ ಬಗ್ಗಿ ನೋಡುತ್ತಾ ನಿಂತಿದ್ದಳು. ದೊಡ್ಡಮ್ಮ 'ಸುಶೀ' ಅಂದಳು. ಅಮ್ಮ ತಿರುಗಿದಳು. ಬಲಗೈಯಲ್ಲಿ ಪುಸ್ತಕ, ಬೆರಳು ಕೊನೆಯ ಪುಟದಲ್ಲಿ. ಮುಖ ಕೆಂಪಗೆ ಉರಿಯುತ್ತಿತ್ತು. ಎಷ್ಟೋ ತಿಂಗಳ ಮೇಲೆ ನಾನು ಆ ಮುಖದಲ್ಲಿ ಏನಾದರೂ ನೋಡಿದ್ದು ಅವತ್ತು. ಅದು ಸಿಟ್ಟು.

'ಇವನು ಯಾರಕ್ಕಾ, ಇದನ್ನ ಬರೆದೋನು?' ಅಂದಳು. 'ಆರು ವರ್ಷ ಜೋಪಡಿಲಿ ರಾಗಿ ಬೀಸಿ ಮೂರು ಮಕ್ಕಳನ್ನ ಉಳಿಸ್ಕೊಂಡೋಳು. ನಾಲ್ಕು ಜನ ಆಡ್ಕೊಂಡ್ರು ಅಂತ ಹೋಗ್ಬಿಡ್ತಾಳಾ? ಆವತ್ತು ಸಾಯಂಕಾಲ ಆ ಮಕ್ಕಳಿಗೆ ಅನ್ನ ಹಾಕಿದ್ದು ಯಾರು? ಅದನ್ನ ಬರೆದೇ ಇಲ್ವಲ್ಲ!'

ದೊಡ್ಡಮ್ಮ ಒಗೆಯುವ ಕಲ್ಲಿನ ಮೇಲೆ ಕೂತಳು. ಅಮ್ಮ ಬಿಡಲಿಲ್ಲ. ಅಷ್ಟು ತಿಂಗಳು ಕಟ್ಟಿಟ್ಟಿದ್ದ ಮಾತೆಲ್ಲ ಬಂತು. ಬಾವಿಯಲ್ಲಿ ನೀರೇ ಇಲ್ಲ, ಒಂದು ಹಳೇ ಬಕೆಟ್ಟು ಬಿದ್ದಿದೆ ಅಷ್ಟೇ, ಅದಕ್ಕೆ ಪಾರಿವಾಳದ ಕಥೆ ಕಟ್ಟಿ ಜಾಲರಿ ಹಾಕಿಸಿದೀಯಲ್ಲ, ನನಗೆ ತಿಳಿಯೋದಿಲ್ಲ ಅಂದುಕೊಂಡೆಯಾ ಅಂತ ಕೇಳಿದಳು. ದಿನಾ ಅರ್ಧ ಪುಸ್ತಕ ಕೊಡುತ್ತಿದ್ದೆಯಲ್ಲ, ಪೂರ್ತಿ ಓದುವ ಶಕ್ತಿ ಇವಳಿಗಿಲ್ಲ ಅಂತ ನೀನೇ ತೀರ್ಮಾನ ಮಾಡಿದೆಯಾ ಅಂತ ಕೇಳಿದಳು. ಅಪ್ಪನನ್ನೂ ಬೈದಳು, ಹೇಳದೆ ಕೇಳದೆ ಹೋದ ಅಂತ. ಸಮಾಧಾನ ಹೇಳಲು ಬಂದವರನ್ನೆಲ್ಲ ಹೆಸರು ಹಿಡಿದು ಬೈದಳು. ಕೊನೆಗೆ ನನ್ನ ಕಡೆ ನೋಡಿ, ಏನೇ ಇದು ಜಡೆ, ಹೀಗೇ ಸ್ಕೂಲಿಗೆ ಹೋಗಿದ್ಯಾ, ಅಂದಳು. ನಾನು ಅಳುವುದಕ್ಕೆ ಶುರುಮಾಡಿದ್ದು ಆಗಲೇ.

ಅದೇ ಸಿಟ್ಟಿನಲ್ಲಿ ಅವಳು ಮುಂದಿನ ಕೋಣೆಗೆ ನಡೆದಳು. ಮೂರ್ತಿಗಳು ಎದ್ದು ನಿಂತರು, ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ. ಅಮ್ಮ ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು, ಕಥೆ ಮುಗಿದ ಮೇಲಿನ ಖಾಲಿ ಹಾಳೆಯ ಮೇಲ್ತುದಿಯಲ್ಲಿ ಬರೆದಳು: ನಾನು ಒಪ್ಪುವುದಿಲ್ಲ. ಸುಶೀಲ, ಹಿಂದಿನ ಕೋಣೆ. ಪುಸ್ತಕದಲ್ಲಿ ಒಂದು ಚುಕ್ಕಿ ಇಟ್ಟವರನ್ನೂ ಕೂರಿಸಿ ರಬ್ಬರಿನಿಂದ ಅಳಿಸುತ್ತಿದ್ದ ದೊಡ್ಡಮ್ಮ ಆ ಸಾಲನ್ನು ನೋಡಿದಳು. ಅಳಿಸಲಿಲ್ಲ. ಆದರೆ ಸಂಜೆ ದಬ್ಬಣ ತೆಗೆದು ಆ ಪುಟವನ್ನೂ ಸೇರಿಸಿ ಮತ್ತೆ ಹೊಲಿದಳು.

ಅಲ್ಲಿಂದ ಶುರುವಾದ ಅಕ್ಕತಂಗಿಯರ ಜಗಳ ಹನ್ನೊಂದು ವರ್ಷ ನಡೆಯಿತು. ಅಮ್ಮ ಮುಂದಿನ ಕೋಣೆಯಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು ಕೂತಳು. ದೊಡ್ಡಮ್ಮ ಹೊಲಿದ ಪುಸ್ತಕ ಕೊಟ್ಟರೆ, ಅಮ್ಮ ಗೇಟಿನವರೆಗೆ ಜೊತೆಗೆ ಹೋಗಿ, ಮನೇಲಿ ಕತ್ತರಿ ಇದೆ ತಾನೇ, ಅಂತ ಮೆಲ್ಲಗೆ ಕೇಳಿ ಬರುತ್ತಿದ್ದಳು. ಯಾರಿಗೆ ಹಾಗೆ ಕೇಳಬೇಕು, ಯಾರಿಗೆ ಕೇಳಬಾರದು ಅನ್ನುವುದು ಅವಳಿಗೆ ಗೊತ್ತಿತ್ತು. ಕೆಲವರ ಜೊತೆ ಗೇಟಿನ ಹತ್ತಿರ ಗಂಟೆಗಟ್ಟಲೆ ನಿಂತು ಮಾತಾಡಿ, ಕತ್ತರಿಯ ವಿಷಯವನ್ನೇ ಎತ್ತದೆ ವಾಪಸ್ಸು ಬರುತ್ತಿದ್ದಳು. ಪ್ಲೇಗಿನ ಪುಸ್ತಕ ಹೋಗಿ ಬಂದಾಗಲೆಲ್ಲ ಅದರ ದಾರದ ಬಣ್ಣ ಬದಲಾಗಿರುತ್ತಿತ್ತು. ಓದಿದವರು ಟೀಚರಮ್ಮನಿಗೆ ತಿಳಿಯಬಾರದು ಅಂತ ಮತ್ತೆ ಹೊಲಿದು ತರುತ್ತಿದ್ದರು, ಮನೆಯಲ್ಲಿ ಬಿಳಿ ದಾರ ಇಲ್ಲದೆ ರವಿಕೆಯ ಹಸಿರು, ಅರಿಶಿನ, ಒಂದು ಸಲ ಜರಿಯ ದಾರ. ದೊಡ್ಡಮ್ಮ ಅದನ್ನು ಬೆರಳಲ್ಲಿ ಸವರಿ ನೋಡಿ, ಬಿಚ್ಚಿ, ಮತ್ತೆ ಬಿಳಿ ದಾರ ಹಾಕುತ್ತಿದ್ದಳು. ಒಳಗೆ ಅಮ್ಮನ ಸಾಲಿನ ಕೆಳಗೆ ಸಾಲುಗಳು ಬೆಳೆಯುತ್ತಿದ್ದವು. ಕಮಲ, ಮಾವಳ್ಳಿ, ನಾನೂ ಒಪ್ಪುವುದಿಲ್ಲ. ಹೆಸರು ಬೇಡ, ಒಪ್ಪುವುದಿಲ್ಲ. ರುಕ್ಮಿಣಿ, ಎರಡನೇ ಸಲ ಓದಿದೆ, ಎರಡನೇ ಸಲವೂ ಒಪ್ಪುವುದಿಲ್ಲ. ಮೂರ್ತಿ, ನಿವೃತ್ತ, ನನ್ನ ತಾಯಿಯನ್ನು ನೆನೆದು ಒಪ್ಪುವುದಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ನಾನೂ ದೊಡ್ಡ ಅಕ್ಷರದಲ್ಲಿ ಬರೆದೆ. ದೊಡ್ಡಮ್ಮ ನನ್ನದೊಂದನ್ನು ಮಾತ್ರ ಅಳಿಸಿದಳು. ನಿನಗಿನ್ನೂ ಏನೂ ಆಗಿಲ್ಲ, ಆದಾಗ ಬರಿ, ಅಂದಳು.

ಎರಡು ಸಾವಿರದ ಐದರ ಹೊತ್ತಿಗೆ ಟಿ.ವಿ. ಬೆಂಚನ್ನು ಖಾಲಿ ಮಾಡಿತ್ತು, ಕಾಯಿಲೆ ದೊಡ್ಡಮ್ಮನನ್ನು ಮಲಗಿಸಿತ್ತು. ಕಪಾಟುಗಳು ಕಾಣಬೇಕು ಅಂತ ಹಟಮಾಡಿ ಮುಂದಿನ ಕೋಣೆಯಲ್ಲೇ ಮಂಚ ಹಾಕಿಸಿಕೊಂಡಿದ್ದಳು. ಒಂದು ಮಧ್ಯಾಹ್ನ ಪ್ಲೇಗಿನ ಪುಸ್ತಕ ಕೇಳಿದಳು. ಕತ್ತರಿಸು ಅಂದಳು, ಓದು ಅಂದಳು. ಅಮ್ಮ ಅವಳ ಎದುರಿಗೇ ದಾರ ಕತ್ತರಿಸಿ ಆ ಹತ್ತು ಪುಟ ಓದಿದಳು, ಬಾವಿಯವರೆಗೂ. ನಾನು ಕಾಲ ಬಳಿ ಕೂತು ಕೇಳಿದೆ. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಮುಗಿದ ಮೇಲೆ ಪೆನ್ಸಿಲ್ ಕೇಳಿ, ಅಮ್ಮ ಹಿಡಿದ ಹಾಳೆಯ ಮೇಲೆ, ಜೀವಮಾನವಿಡೀ ಕಪ್ಪು ಹಲಗೆಯ ಮೇಲೆ ಬರೆದ ಆ ದುಂಡು ಅಕ್ಷರಗಳನ್ನು ಒಂದೊಂದಾಗಿ ಕೂರಿಸಿದಳು: ಒಪ್ಪುವುದಿಲ್ಲ. ಜಯಂತಿಯ ಪರವಾಗಿ.

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದೊಡ್ಡಮ್ಮ ಪೆನ್ಸಿಲ್ ವಾಪಸ್ಸು ಕೊಟ್ಟು, 'ಈಗ ಹೊಲಿ' ಅಂದಳು.

'ಇನ್ನೂ ಯಾಕಕ್ಕಾ?'

'ಸುಮ್ಮಸುಮ್ಮನೆ ಕೈಗೆ ಸಿಗಬಾರದು ಕಣೇ. ಕತ್ತರಿಸೋ ಅಷ್ಟು ಸಿಟ್ಟು ಇರೋರು ಓದ್ಲಿ.'

ಅಮ್ಮ ಹೊಲಿದಳು. ಹನ್ನೊಂದು ವರ್ಷದ ಜಗಳ ಅಲ್ಲಿಗೆ ಮುಗಿಯಿತು. ಯಾರು ಗೆದ್ದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ದೊಡ್ಡಮ್ಮ ಆ ತಿಂಗಳೇ ಹೋದಳು. ಮರುವರ್ಷ ದೊಡ್ಡಪ್ಪನ ಕಡೆಯವರು ಮನೆ ಮಾರಿದರು. ಪಾರಿಜಾತ, ಒಗೆಯುವ ಕಲ್ಲು, ಬಕೆಟ್ಟು ಬಿದ್ದಿದ್ದ ಬಾವಿ, ಎಲ್ಲದರ ಮೇಲೂ ಈಗ ಹಾಸಿಗೆ ಅಂಗಡಿಯ ಮೂರು ಮಹಡಿ ನಿಂತಿದೆ. ಆ ಕಡೆ ಹೋದಾಗ ನಾನು ತಲೆ ತಗ್ಗಿಸಿ ದಾಟುವುದಿಲ್ಲ, ನಿಂತು ನೋಡಿಯೇ ಹೋಗುತ್ತೇನೆ. ಅಮ್ಮ ಕಾಯಿಲೆ ಬಿದ್ದಾಗ ಹಿಂದಿನ ಕೋಣೆಯ ಬಗ್ಗೆ ಮಾತಾಡಲಿಲ್ಲ, ಮುಂದಿನ ಕೋಣೆಯ ಬಗ್ಗೆಯೇ ಮಾತಾಡಿದಳು. ಅವಳು ಹೋದ ಮೇಲೆ ಒಂದು ದಿನ ಆ ದಾರ ಬಿಚ್ಚಿ, ಎಲ್ಲರ ಕೆಳಗೆ, ಹಾಳೆಯ ತೀರಾ ತುದಿಯಲ್ಲಿ ನನ್ನ ಹೆಸರು ಬರೆದೆ. ಅವೇ ಐದು ತೂತುಗಳಲ್ಲಿ ಮತ್ತೆ ಹೊಲಿದೆ. ಈ ಸಲ ಅಳಿಸುವವರು ಯಾರೂ ಇರಲಿಲ್ಲ. ಇದ್ದಿದ್ದರೆ ಅನಿಸಿತು.

ಬೈಂಡಿಂಗ್ ಅಂಗಡಿಯ ಮುದುಕರು ಕನ್ನಡಕ ಏರಿಸಿ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ರಟ್ಟು ಹೋಗಿದೆ, ಬೆನ್ನು ಬಿಟ್ಟಿದೆ, ಹೊಸದು ಹಾಕುತ್ತೇನೆ ಅಂದರು. ಆಮೇಲೆ ಬೆರಳು ದಾರದ ಮೇಲೆ ನಿಂತಿತು.

'ಇದೇನು ಮೇಡಂ, ಹಿಂದಿನ ಪುಟ ಹೊಲಿದುಬಿಟ್ಟಿದಾರೆ. ತೆಗೆದು ನೀಟಾಗಿ ಮಾಡ್ಲಾ?'

ಬೇಡ, ಬೈಂಡಾದ ಮೇಲೂ ದಾರ ಹೀಗೇ ಇರಬೇಕು ಅಂದೆ. ಮತ್ತೆ ಓದುವವರು ಹೇಗೆ ಓದುತ್ತಾರೆ ಅಂತ ಕೇಳಿದರು. ಬೇಕಾದವರು ಕತ್ತರಿಸಿಕೊಳ್ಳುತ್ತಾರೆ ಅಂದೆ. ಅವರು ನನ್ನನ್ನು ಒಂದು ಸಲ ನೋಡಿ ಚೀಟಿ ಬರೆಯತೊಡಗಿದರು. ಮೂಲೆಯಲ್ಲಿ ಗೋಂದು ಕುದಿಯುತ್ತಿತ್ತು, ಅದೇ ವಾಸನೆ. ಮೆಟ್ಟಿಲವರೆಗೆ ಬಂದವಳು ತಿರುಗಿ ಹೋಗಿ, ಕೊನೆಯಲ್ಲಿ ನಾಲ್ಕು ಖಾಲಿ ಹಾಳೆ ಸೇರಿಸಿ ಅಂತ ಹೇಳಿದೆ. ಹಳೇ ಹಾಳೆಯಲ್ಲಿ ಜಾಗ ಉಳಿದಿರಲಿಲ್ಲ.